ಉಗ್ರಾಣದ ತಕ್ಕಡಿ ಮತ್ತು ಕಾಣೆಯಾದ ಒಂದು ಗ್ರಾಂ

ಮುಂಬೈಯ ಮಾಟುಂಗದಲ್ಲಿ ನನ್ನ ಸೋದರಮಾವನ ಹೋಟೆಲ್ ಇದೆ. ಬೆಳಗ್ಗೆ ಇಡ್ಲಿ, ದೋಸೆ. ಮಧ್ಯಾಹ್ನ ಊಟ. ಅಡುಗೆಮನೆಯ ಹಿಂದೆ ಒಂದು ಚಿಕ್ಕ ಉಗ್ರಾಣ. ಅಕ್ಕಿ, ಉದ್ದು, ತೊಗರಿಬೇಳೆ, ಬ್ಯಾಡಗಿ ಮೆಣಸು ಎಲ್ಲವೂ ವಾಶಿ ಮಾರ್ಕೆಟ್‌ನಿಂದ ಮೂಟೆಯಲ್ಲಿ ಬಂದು ಅಲ್ಲಿ ಕೂರುತ್ತವೆ. ಬೆಳಗಿನ ಜಾವ ಅಡುಗೆಯವರಿಗೆ ಬೇಕಾದ್ದನ್ನು ತೂಗಿ ಕೊಡಬೇಕು. ಕೊಟ್ಟದ್ದನ್ನು ಉದ್ದನೆಯ ಪುಸ್ತಕದಲ್ಲಿ ಬರೆಯಬೇಕು. ತಿಂಗಳ ಕೊನೆಗೆ ಕೂಡಿ ಕಳೆದು ನೋಡಿದರೆ ಲೆಕ್ಕ ಒಂದು ಸಲವೂ ಕೂಡಿಬರುತ್ತಿರಲಿಲ್ಲ.

"ತಕ್ಕಡಿ ತೋರ್ಸಿದ್ದನ್ನೇ ನಾವು ಮತ್ತೆ ಕೈಯಲ್ಲಿ ಬರೀತೇವೆ. ಅದೇ ಬರ್ಕೊಳ್ಳುವ ಹಾಗೆ ಮಾಡ್ಲಿಕ್ಕೆ ಆಗ್ತದಾ ಮಾರಾಯ?" ಎಂದು ಮಾವ ಕೇಳಿದರು.

"ಆಗ್ತದೆ ಮಾವ" ಎಂದೆ. ಡೊಂಬಿವಲಿಯಲ್ಲಿ ಸ್ಲೋ ಲೋಕಲ್ ಹತ್ತಿದರೆ ನೇರ ಮಾಟುಂಗದಲ್ಲಿ ಇಳಿಯಬಹುದು. ನಾಲ್ಕು ಭಾನುವಾರ ಸಾಕು ಅಂದುಕೊಂಡೆ. ಏಳು ಬೇಕಾಯಿತು. ತಂತಿ ಎಳೆಯುವುದು, ತಕ್ಕಡಿ ಜೋಡಿಸುವುದು, ಪರದೆ ಕಟ್ಟುವುದು ಬೇಗ ಮುಗಿಯಿತು. ಉಳಿದ ಹೊತ್ತೆಲ್ಲ ಹೋದದ್ದು ಒಂದೇ ಕೆಲಸಕ್ಕೆ: ಒಂದು ಟೈಪ್‌ನ ವ್ಯಾಲ್ಯೂವನ್ನು ಇನ್ನೊಂದು ಟೈಪ್‌ಗೆ ಬದಲಿಸುವುದಕ್ಕೆ. ಪಠ್ಯವನ್ನು ಸಂಖ್ಯೆ ಮಾಡುವುದು, ಸಂಖ್ಯೆಯನ್ನು ಪಠ್ಯ ಮಾಡುವುದು. ಇದೇ ದಾರಿಯಲ್ಲಿ ಹೋಗುವವರಿಗೆ ಉಪಯೋಗವಾಗಲಿ ಎಂದು ನಡೆದದ್ದನ್ನು ನಡೆದ ಹಾಗೆ ಬರೆದಿಟ್ಟಿದ್ದೇನೆ.

ಮೊದಲ ಭಾನುವಾರ: ಸಾಮಾನು

ತಕ್ಕಡಿ 30 ಕೆಜಿಯದ್ದು. 5 ಗ್ರಾಂ ಹೆಜ್ಜೆಯಲ್ಲಿ ಓದುತ್ತದೆ. ಅಂದರೆ 1.000 ಆದ ಮೇಲೆ 1.005, ಆಮೇಲೆ 1.010. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ. ಹಿಂದುಗಡೆ ಸೀರಿಯಲ್ ಪೋರ್ಟ್ ಇತ್ತು. ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಯುಎಸ್‌ಬಿಗೆ ಬದಲಿಸುವ ಕೇಬಲ್ ತಂದೆ. ವೇಗ 9600 ಬಾಡ್, ಅಂದರೆ ಸೆಕೆಂಡಿಗೆ 9600 ಬಿಟ್. ತೂಕ ಅಲುಗಾಡದೆ ನಿಂತಾಗ ತಕ್ಕಡಿ ಒಂದು ಸಾಲು ಕಳಿಸುತ್ತದೆ. ಮೊದಲು ಪ್ಲಸ್ ಗುರುತು, ಒಂದೆರಡು ಖಾಲಿ ಜಾಗ, ಆಮೇಲೆ 1.005, ಕೊನೆಗೆ ಕೆಜಿ. ಎಲ್ಲವೂ ಪಠ್ಯವೇ.

ಸಾಲು ಒಂದೇ ಏಟಿಗೆ ಪೂರ್ತಿ ಬರುವುದಿಲ್ಲ. ಮೊದಲ ಸಲ ಓದಿದಾಗ ಪ್ಲಸ್ ಮತ್ತು 1 ಬಂದವು, ಎರಡನೇ ಸಲ ಉಳಿದದ್ದು ಬಂತು. ಆದ್ದರಿಂದ ಸಾಲು ಮುಗಿಯುವ ಗುರುತು ಕಾಣುವ ತನಕ ಕೂಡಿಟ್ಟುಕೊಂಡು, ಆಮೇಲೆ ಮುಂದಕ್ಕೆ ಕೊಡಬೇಕು. ಅಷ್ಟೇ.

ಕಂಪ್ಯೂಟರ್ ಹಳೆಯದು, 2 ಜಿಬಿ ಮೆಮೊರಿ. ಅದಕ್ಕೆ ಡೆಬಿಯನ್ ಎಂಬ ಲಿನಕ್ಸ್ ಹಾಕಿದೆ. ಪ್ರೋಗ್ರಾಂ ಬರೆದ ಭಾಷೆ ಸಿ. ಪರದೆಯ ಕಿಟಕಿ, ಖಾನೆ ಕಟ್ಟಲು ಜಿಟಿಕೆ ಲೈಬ್ರರಿ, ಅದರ ಅಡಿಗೆ ಜಿಲಿಬ್ ಲೈಬ್ರರಿ. ಲೈಬ್ರರಿ ಅಂದರೆ ಬೇರೆಯವರು ಬರೆದಿಟ್ಟ, ನಮ್ಮ ಪ್ರೋಗ್ರಾಂನಲ್ಲಿ ಬಳಸಬಹುದಾದ ಕೋಡ್.

ಎರಡನೇ ಭಾನುವಾರ: ಒಂದು ಕಡೆ ಹರಿಯಿತು, ಇನ್ನೊಂದು ಕಡೆ ಇಲ್ಲ

ಸಿ ಭಾಷೆಯಲ್ಲಿ ಕ್ಲಾಸ್ (ಅಚ್ಚು), ಆಬ್ಜೆಕ್ಟ್ (ಆ ಅಚ್ಚಿನಿಂದ ತೆಗೆದ ವಸ್ತು) ಇಲ್ಲ. ಅದನ್ನು ಕಟ್ಟಿಕೊಡುವುದು ಜಿಲಿಬ್ ಜೊತೆಗೇ ಬರುವ ಜಿಆಬ್ಜೆಕ್ಟ್ ಲೈಬ್ರರಿ. ಈ ಆಬ್ಜೆಕ್ಟ್ ವ್ಯವಸ್ಥೆ ಹುಟ್ಟಿದ್ದು ಜಿಟಿಕೆಯ ಒಳಗೆ. 2002ರಲ್ಲಿ ಜಿಟಿಕೆ 2.0 ಬಂದಾಗ ಅದು ಬೇರೆಯಾಗಿ ಜಿಲಿಬ್ ಪಾಲಿಗೆ ಬಂತು. ಪ್ರತಿ ಆಬ್ಜೆಕ್ಟ್‌ಗೆ ಪ್ರಾಪರ್ಟಿಗಳು, ಅಂದರೆ ಹೆಸರಿಟ್ಟ ವ್ಯಾಲ್ಯೂಗಳು ಇರುತ್ತವೆ. ಒಂದು ಪ್ರಾಪರ್ಟಿ ಪೂರ್ಣಾಂಕ, ಒಂದು ಪಠ್ಯ, ಇನ್ನೊಂದು ಹೌದು-ಇಲ್ಲ. ಇವನ್ನೆಲ್ಲ ಒಂದೇ ಕೈಯಿಂದ ಸಾಗಿಸಲು ಬೇಕಾದ ಪಾತ್ರೆಯ ಹೆಸರು ಜಿವ್ಯಾಲ್ಯೂ.

ಉಗ್ರಾಣದ ಡಬ್ಬಗಳನ್ನೇ ನೆನೆಸಿಕೊಳ್ಳಿ. ಡಬ್ಬದ ಮೇಲೆ ಒಂದು ಚೀಟಿ, ಒಳಗೆ ಸಾಮಾನು. ಜಿವ್ಯಾಲ್ಯೂ ಕೂಡ ಹಾಗೇ. 64 ಬಿಟ್ ಯಂತ್ರದಲ್ಲಿ ಅದು 24 ಬೈಟ್. 8 ಬೈಟ್ ಚೀಟಿಗೆ, ಅಂದರೆ ಒಳಗಿರುವುದು ಯಾವ ಟೈಪ್ ಎಂದು ಹೇಳುವುದಕ್ಕೆ. ಉಳಿದ 16 ಬೈಟ್ ಸಾಮಾನಿಗೆ. ಮೊದಲು ಪೂರ್ತಿ ಸೊನ್ನೆ ಮಾಡಿಕೊಳ್ಳಬೇಕು. ಆಮೇಲೆ ಚೀಟಿ ಅಂಟಿಸಬೇಕು, ಆಮೇಲೆ ತುಂಬಬೇಕು, ಕೆಲಸ ಮುಗಿದ ಮೇಲೆ ಖಾಲಿ ಮಾಡಬೇಕು. ದಶಮಾಂಶ ಎಂದು ಚೀಟಿ ಇರುವ ಡಬ್ಬಕ್ಕೆ ಕೈ ಹಾಕಿ ಪೂರ್ಣಾಂಕ ಕೊಡು ಎಂದರೆ ಅದು ಕೊಡುವುದಿಲ್ಲ. ಟರ್ಮಿನಲ್‌ನಲ್ಲಿ ಗದರಿಸಿ ಸೊನ್ನೆ ಕೊಟ್ಟು ಕಳಿಸುತ್ತದೆ. ಬದಲಿಸಬೇಕು ಎಂದರೆ ಬಾಯಿಬಿಟ್ಟು ಕೇಳಬೇಕು. ಕೇಳುವ ಫಂಕ್ಷನ್‌ನ ಹೆಸರು ಜಿ_ವ್ಯಾಲ್ಯೂ_ಟ್ರಾನ್ಸ್‌ಫಾರ್ಮ್.

ನಾನು ಸರಕು ಎಂಬ ಒಂದು ಕ್ಲಾಸ್ ಮಾಡಿದೆ. ಅದರ ದಾಸ್ತಾನು ಪ್ರಾಪರ್ಟಿ ಗ್ರಾಂ ಲೆಕ್ಕದಲ್ಲಿ, 64 ಬಿಟ್ ಪೂರ್ಣಾಂಕ. ಪರದೆಯ ಮೇಲೆ ಒಂದು ಬರೆಯುವ ಖಾನೆ. ಖಾನೆಯ ಪ್ರಾಪರ್ಟಿ ಪಠ್ಯ. ಎರಡನ್ನೂ ಬೆಸೆಯಲು ಜಿಬೈಂಡಿಂಗ್ ಇದೆ. 2010ರಲ್ಲಿ ಜಿಲಿಬ್ 2.26ರಲ್ಲಿ ಬಂದದ್ದು. ಒಂದು ಬದಲಾದರೆ ಇನ್ನೊಂದು ತಾನಾಗಿ ಬದಲಾಗುತ್ತದೆ. ಎರಡೂ ದಿಕ್ಕಿಗೆ ಹರಿಯಲಿ ಎಂದು ಹೇಳಿ ಬೆಸೆದೆ.

ದಾಸ್ತಾನು 12350 ಎಂದು ಇಟ್ಟೆ. ಖಾನೆಯಲ್ಲಿ 12350 ಬಂತು. ಖುಷಿಯಾಯಿತು. ಖಾನೆಯಲ್ಲಿ 500 ಎಂದು ಬರೆದೆ. ದಾಸ್ತಾನು ಅಲ್ಲಾಡಲಿಲ್ಲ. ಪಠ್ಯದ ಟೈಪ್‌ನಿಂದ 64 ಬಿಟ್ ಪೂರ್ಣಾಂಕದ ಟೈಪ್‌ಗೆ ಬದಲಿಸಲು ಆಗುವುದಿಲ್ಲ ಎಂದು ಟರ್ಮಿನಲ್‌ನಲ್ಲಿ ಒಂದು ಸಾಲು. ಒಂದೊಂದು ಕೀ ಒತ್ತಿದಾಗಲೂ ಅದೇ ಸಾಲು.

ಅವತ್ತು ರಾತ್ರಿ ಮನೆಗೆ ಬಂದು ಜಿಲಿಬ್‌ನ ಮೂಲ ಕೋಡ್ ತೆರೆದೆ. ಜಿಆಬ್ಜೆಕ್ಟ್ ಫೋಲ್ಡರ್‌ನಲ್ಲಿ ಜಿವ್ಯಾಲ್ಯೂಟ್ರಾನ್ಸ್‌ಫಾರ್ಮ್ ಎಂಬ ಹೆಸರಿನ ಒಂದು ಸಿ ಫೈಲ್ ಇದೆ. ಎಲ್ಲವೂ ಅದರಲ್ಲಿದೆ. ನಿಜವಾಗಿ ಹೇಳುತ್ತೇನೆ, ಈ ಲೈಬ್ರರಿ ಬಳಸುವವರು ಆ ಫೈಲನ್ನು ಒಮ್ಮೆ ಓದಬೇಕು. ದೊಡ್ಡದಲ್ಲ. ಒಂದು ಪಟ್ಟಿ ಅಷ್ಟೇ: ಈ ಟೈಪ್‌ನಿಂದ ಆ ಟೈಪ್‌ಗೆ ಹೋಗಲು ಈ ಫಂಕ್ಷನ್.

ಸಂಖ್ಯೆಯಿಂದ ಸಂಖ್ಯೆಗೆ ಎಲ್ಲ ದಾರಿಯೂ ಇದೆ. ಅವೆಲ್ಲ ಸಿ ಭಾಷೆಯ ನೇರ ಕಾಸ್ಟ್, ಅಂದರೆ ಒಂದು ಟೈಪನ್ನು ಇನ್ನೊಂದು ಟೈಪ್ ಆಗು ಎಂದು ಬಲವಂತ ಮಾಡುವುದು. ಪೂರ್ಣಾಂಕದಿಂದ ಹೌದು-ಇಲ್ಲಕ್ಕೆ ಹೋದರೆ, ಸೊನ್ನೆ ಅಲ್ಲದ್ದು ಹೌದು. ಸಂಖ್ಯೆಯಿಂದ ಪಠ್ಯಕ್ಕೂ ದಾರಿ ಇದೆ. ದಶಮಾಂಶವಾದರೆ ಚುಕ್ಕೆಯ ಆಚೆ ಆರು ಅಂಕಿ ಬರುತ್ತವೆ. 12.35 ಎಂಬುದು 12.350000 ಆಗುತ್ತದೆ. ಎನಮ್‌ನಿಂದ (ಹೆಸರಿಟ್ಟ ಆಯ್ಕೆಗಳ ಪಟ್ಟಿಯಿಂದ) ಪಠ್ಯಕ್ಕೆ ಹೋದರೆ ಕೋಡ್‌ನಲ್ಲಿರುವ ಉದ್ದನೆಯ ದೊಡ್ಡಕ್ಷರದ ಹೆಸರೇ ಬರುತ್ತದೆ, ಜನರಿಗೆ ತೋರಿಸುವಂಥ ಹೆಸರಲ್ಲ. ಪಠ್ಯವಾಗಿ ಬದಲಿಸಿದ್ದನ್ನು ನಂಬಿ ಫೈಲಿನಲ್ಲಿ ಉಳಿಸಬೇಡಿ ಎಂದು ಜಿಲಿಬ್‌ನ ಕೈಪಿಡಿಯೇ ಎಚ್ಚರಿಸುತ್ತದೆ.

ಪಠ್ಯದಿಂದ ಸಂಖ್ಯೆಗೆ? ಆ ಸಾಲು ಇಲ್ಲವೇ ಇಲ್ಲ. ಮರೆತಿದ್ದಾರೆ ಅಂದುಕೊಂಡೆ.

ಮೂರನೇ ಭಾನುವಾರ: ಪಟ್ಟಿಗೆ ನಾನೇ ಒಂದು ಸಾಲು ಸೇರಿಸಿದೆ

ಇಲ್ಲದ ಸಾಲನ್ನು ಸೇರಿಸಲು ಲೈಬ್ರರಿಯೇ ಒಂದು ಫಂಕ್ಷನ್ ಕೊಟ್ಟಿದೆ: ಜಿ_ವ್ಯಾಲ್ಯೂ_ರಿಜಿಸ್ಟರ್_ಟ್ರಾನ್ಸ್‌ಫಾರ್ಮ್_ಫಂಕ್. ಯಾವ ಟೈಪ್‌ನಿಂದ, ಯಾವ ಟೈಪ್‌ಗೆ, ಯಾವ ಫಂಕ್ಷನ್ ಎಂದು ಹೇಳಿದರೆ ಸಾಕು. ಪಠ್ಯದಿಂದ 64 ಬಿಟ್ ಪೂರ್ಣಾಂಕಕ್ಕೆ ಐದು ಸಾಲಿನ ಫಂಕ್ಷನ್ ಬರೆದು ನೋಂದಾಯಿಸಿದೆ. ಒಳಗೆ ಜಿ_ಆಸ್ಕಿ_ಎಸ್‌ಟಿಆರ್‌ಟಿಒಎಲ್‌ಎಲ್ ಕರೆದೆ. ಅದು ಪಠ್ಯದ ಮೊದಲಲ್ಲಿರುವ ಅಂಕಿಗಳನ್ನು ಓದಿ ಸಂಖ್ಯೆ ಕೊಡುತ್ತದೆ.

ಎಚ್ಚರಿಕೆಯ ಸಾಲು ನಿಂತಿತು. ಖಾನೆಯಲ್ಲಿ 500 ಬರೆದರೆ ದಾಸ್ತಾನು 500. ಮಾವನಿಗೆ ತೋರಿಸಿದೆ. ಉಗ್ರಾಣ ನೋಡಿಕೊಳ್ಳುವ ಭಾವೂಗೂ ತೋರಿಸಿದೆ. ಅವರು ಸಾತಾರಾ ಕಡೆಯವರು, ನಾವೆಲ್ಲ ಅವರನ್ನು ಭಾವೂ ಅಂತಲೇ ಕರೆಯುವುದು. ಒಂದು ವಾರ ಬಳಸಿ ನೋಡಿ ಎಂದು ಹೇಳಿ ಬಂದೆ.

ಬುಧವಾರ ಸಂಜೆ ಮಾವನ ಫೋನ್. "ಉದ್ದು ಸೊನ್ನೆ ಅಂತ ತೋರಿಸ್ತದೆ. ಮೂಟೆ ಎದುರಿಗೇ ಉಂಟು!"

ನಾಲ್ಕನೇ ಭಾನುವಾರ: ಸೊನ್ನೆ ಎಲ್ಲಿಂದ ಬಂತು

ಭಾವೂ ಕೂರುವ ಸ್ಟೂಲಿನ ಪಕ್ಕ ಕೂತು ಅವರು ಹೇಗೆ ಬರೆಯುತ್ತಾರೆ ಎಂದು ನೋಡಿದೆ. ಅರ್ಧ ಗಂಟೆಯಲ್ಲಿ ಮೂರು ಕಾರಣ ಸಿಕ್ಕವು.

ಹೊಸ ಸಂಖ್ಯೆ ಬರೆಯುವ ಮೊದಲು ಅವರು ಹಳೆಯದನ್ನು ಅಳಿಸುತ್ತಾರೆ. ಎಲ್ಲರೂ ಹಾಗೇ ಮಾಡುವುದು, ಅಲ್ವಾ? ಅಳಿಸಿದ ಕ್ಷಣ ಖಾನೆ ಖಾಲಿ. ಖಾಲಿ ಪಠ್ಯವನ್ನು ನನ್ನ ಫಂಕ್ಷನ್ ಸೊನ್ನೆ ಎಂದು ಓದಿತು. ಅಷ್ಟರಲ್ಲಿ ಅಡುಗೆಮನೆಯಿಂದ ಯಾರೋ ಕರೆದರು, ಅವರು ಎದ್ದು ಹೋದರು. ಸೊನ್ನೆ ಹಾಗೇ ಉಳಿಯಿತು.

ಎರಡನೆಯದು, ಅವರ ಕೀಬೋರ್ಡ್ ಮರಾಠಿಗೆ ಇಟ್ಟಿತ್ತು. ಸರಕಿನ ಹೆಸರನ್ನು ಅವರು ಮರಾಠಿಯಲ್ಲೇ ಬರೆಯುತ್ತಾರೆ. ಅದೇ ಓಘದಲ್ಲಿ ಅಂಕಿ ಒತ್ತಿದರೆ ದೇವನಾಗರಿ ಅಂಕಿ ಬೀಳುತ್ತದೆ. ಜಿ_ಆಸ್ಕಿ ಎಂದು ಹೆಸರಿರುವ ಫಂಕ್ಷನ್‌ಗೆ ಅದು ಅಂಕಿಯೇ ಅಲ್ಲ. ಮತ್ತೆ ಸೊನ್ನೆ.

ಮೂರನೆಯದು ನಮ್ಮ ಮಾವನದ್ದೇ. ಅವರು ಚಿಕ್ಕ ವಯಸ್ಸಿಗೆ ಊರು ಬಿಟ್ಟು ಬಂದವರು. ಹಗಲು ಹೋಟೆಲ್ ಕೆಲಸ, ರಾತ್ರಿ ಕನ್ನಡ ರಾತ್ರಿಶಾಲೆ. ಮುಂಬೈಯ ಎಷ್ಟೋ ಹೋಟೆಲ್ ಹುಡುಗರು ಓದಿದ್ದು ಹಾಗೆಯೇ. ಆಗಿನಿಂದ ಅವರ ಲೆಕ್ಕವೆಲ್ಲ ಕನ್ನಡ ಅಂಕಿಯಲ್ಲಿ. ಪುಸ್ತಕದಲ್ಲೂ ೩೫, ಕಂಪ್ಯೂಟರ್‌ನಲ್ಲೂ ೩೫. ನನ್ನ ಫಂಕ್ಷನ್ ಅದನ್ನೂ ಸೊನ್ನೆ ಮಾಡಿತ್ತು. ಮಾವ ಸರಿಯಾಗಿಯೇ ಬರೆದಿದ್ದರು. ಓದಲು ಬಾರದಿದ್ದದ್ದು ನನ್ನ ಕೋಡ್‌ಗೆ.

ಮೂರೂ ಕಾರಣದ ಬುಡ ಒಂದೇ. ನೋಂದಾಯಿಸುವ ಫಂಕ್ಷನ್‌ನ ರೂಪ ನೋಡಿದೆ. ಅದಕ್ಕೆ ಎರಡು ಡಬ್ಬ ಸಿಗುತ್ತವೆ, ಇದರಿಂದ ತೆಗೆದು ಅದಕ್ಕೆ ತುಂಬು ಎಂದು. ಅದು ಹಿಂದಿರುಗಿಸುವುದು ಏನೂ ಇಲ್ಲ. ಆಗಲಿಲ್ಲ ಎಂದು ಹೇಳಲು ಅದಕ್ಕೆ ಬಾಯೇ ಇಲ್ಲ. ಜಿ_ವ್ಯಾಲ್ಯೂ_ಟ್ರಾನ್ಸ್‌ಫಾರ್ಮ್ ಹೌದು-ಇಲ್ಲ ಎಂದು ಉತ್ತರ ಕೊಡುತ್ತದೆ ನಿಜ. ಆದರೆ ಅದು ಹೇಳುವುದು ದಾರಿ ಇದೆಯೋ ಇಲ್ಲವೋ ಎಂದು ಮಾತ್ರ. ದಾರಿಯಲ್ಲಿ ಹೋದವನು ತಲುಪಿದನೋ ಎಂದು ಅದು ನೋಡುವುದಿಲ್ಲ.

ಪೂರ್ಣಾಂಕವನ್ನು ಪಠ್ಯ ಮಾಡುವುದು ಯಾವತ್ತೂ ಸೋಲುವುದಿಲ್ಲ. ಯಾವ ಪೂರ್ಣಾಂಕ ಕೊಟ್ಟರೂ ಅದಕ್ಕೊಂದು ಬರಹದ ರೂಪ ಇದ್ದೇ ಇದೆ. ಪಠ್ಯವನ್ನು ಸಂಖ್ಯೆ ಮಾಡುವುದು ಆ ಜಾತಿಯ ಕೆಲಸವೇ ಅಲ್ಲ. ಅದು ಓದುವ ಕೆಲಸ. ಓದುವವನಿಗೆ ಇದು ನನಗೆ ಓದಲು ಬರುತ್ತಿಲ್ಲ ಎಂದು ಹೇಳುವ ಅವಕಾಶ ಇರಲೇಬೇಕು. ಈ ಪಟ್ಟಿಯಲ್ಲಿ ಆ ಅವಕಾಶ ಇಲ್ಲ. ಆ ಸಾಲು ಇಲ್ಲದಿರುವುದು ಎಷ್ಟು ಸರಿ ಎಂದು ನನಗೆ ಅರ್ಥವಾದದ್ದು ಆ ಸ್ಟೂಲಿನ ಮೇಲೆ ಕೂತಾಗ.

ಇನ್ನೊಂದು ತೊಂದರೆಯೂ ಇತ್ತು. ಪಟ್ಟಿ ಇಡೀ ಪ್ರೋಗ್ರಾಂಗೆ ಒಂದೇ. ಪಠ್ಯ, ಪೂರ್ಣಾಂಕ ಎರಡೂ ಎಲ್ಲರ ಟೈಪ್‌ಗಳು, ನನ್ನ ಸ್ವಂತದ್ದಲ್ಲ. ನಾನು ಹಾಕಿದ ಸಾಲು ಜಿಟಿಕೆಗೂ, ಅದರ ಜೊತೆ ಬಂದ ಬೇರೆ ಲೈಬ್ರರಿಗಳಿಗೂ ಅನ್ವಯಿಸುತ್ತದೆ. ನಾಳೆ ಬೇರೆ ಯಾವುದೋ ಲೈಬ್ರರಿ ಅದೇ ಜೋಡಿಗೆ ತನ್ನ ಫಂಕ್ಷನ್ ಹಾಕಿದರೆ ನನ್ನದು ಸದ್ದಿಲ್ಲದೆ ಹೋಗಿಬಿಡುತ್ತದೆ. ಮನೆಯ ನಲ್ಲಿ ರಿಪೇರಿಗೆ ಬೀದಿಯ ಪೈಪನ್ನೇ ತಿರುಗಿಸಿದ ಹಾಗಾಯಿತು. ಆ ಸಾಲನ್ನು ಅಳಿಸಿದೆ.

ಐದನೇ ಭಾನುವಾರ: ಇಲ್ಲ ಎನ್ನಬಲ್ಲ ಜಾಗ

ಬೆಸೆಯುವಾಗಲೇ ನಮ್ಮದೇ ಎರಡು ಫಂಕ್ಷನ್ ಕೊಡಬಹುದು. ಅದು ಜಿ_ಆಬ್ಜೆಕ್ಟ್_ಬೈಂಡ್_ಪ್ರಾಪರ್ಟಿ_ಫುಲ್. ಹೋಗುವ ದಿಕ್ಕಿಗೆ ಒಂದು, ಬರುವ ದಿಕ್ಕಿಗೆ ಒಂದು. ಇವು ಹೌದು-ಇಲ್ಲ ಹಿಂದಿರುಗಿಸುತ್ತವೆ. ಇಲ್ಲ ಎಂದರೆ ಜಿಬೈಂಡಿಂಗ್ ಎದುರಿನ ಪ್ರಾಪರ್ಟಿಯನ್ನು ಮುಟ್ಟುವುದೇ ಇಲ್ಲ. ಹಳೆಯದು ಹಾಗೇ ಉಳಿಯುತ್ತದೆ. ನನಗೆ ಬೇಕಾದದ್ದು ಇದೇ. ಮತ್ತೆ ಇದು ಆ ಒಂದು ಖಾನೆಗೆ ಮಾತ್ರ ಸೇರಿದ್ದು, ಊರಿಗೆಲ್ಲ ಅಲ್ಲ.

ಓದುವ ಫಂಕ್ಷನ್ನನ್ನು ಹೊಸದಾಗಿ ಬರೆದೆ. ಬರೀ ಇಂಗ್ಲಿಷ್ ಅಂಕಿ ಸಾಕು ಎನ್ನುವವರಿಗೆ ಜಿಲಿಬ್ 2.54ರಿಂದ ಜಿ_ಆಸ್ಕಿ_ಸ್ಟ್ರಿಂಗ್_ಟು_ಸೈನ್ಡ್ ಇದೆ. ಕನಿಷ್ಠ, ಗರಿಷ್ಠ ಹೇಳಿದರೆ ಸಾಕು. ಕಸ ಇದ್ದರೂ ಎಲ್ಲೆ ಮೀರಿದರೂ ಬೇರೆ ಬೇರೆ ತಪ್ಪು ಹೇಳುತ್ತದೆ. ಒಳ್ಳೆಯ ಫಂಕ್ಷನ್. ಆದರೆ ಮಾವನ ೩೫ ಅದಕ್ಕೂ ಓದಲು ಬರುವುದಿಲ್ಲ. ಕಂಪ್ಯೂಟರ್‌ಗಾಗಿ ಮಾವ ಅಂಕಿ ಬದಲಿಸಲಿ ಎಂದು ಹೇಳಲು ನನಗೆ ಮನಸ್ಸಿರಲಿಲ್ಲ.

ಎಲ್ಲ ಲಿಪಿಗಳ ಅಕ್ಷರಕ್ಕೂ ಒಂದೊಂದು ನಂಬರ್ ಕೊಡುವ ಯೂನಿಕೋಡ್‌ನಲ್ಲಿ ದೇವನಾಗರಿ ಸೊನ್ನೆ ಇರುವುದು 2406ನೇ ಜಾಗದಲ್ಲಿ, ಕನ್ನಡ ಸೊನ್ನೆ 3302ರಲ್ಲಿ. ಅಲ್ಲಿಂದ ಒಂಬತ್ತರವರೆಗೆ ಸಾಲಾಗಿ. ಆ ನಂಬರನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಇವು ಒಂದೊಂದೂ 3 ಬೈಟ್. ಆದ್ದರಿಂದ ಬೈಟ್ ಲೆಕ್ಕದಲ್ಲಿ ನಡೆದರೆ ಕೆಟ್ಟಿತು. ಜಿ_ಯುಟಿಎಫ್8_ನೆಕ್ಸ್ಟ್_ಚಾರ್ ಬಳಸಿ ಅಕ್ಷರದಿಂದ ಅಕ್ಷರಕ್ಕೆ ಹೆಜ್ಜೆ ಇಡಬೇಕು. ಪ್ರತಿ ಅಕ್ಷರಕ್ಕೂ ಜಿ_ಯುನಿಚಾರ್_ಡಿಜಿಟ್_ವ್ಯಾಲ್ಯೂ ಕೇಳಬೇಕು. ೩ ಕೊಟ್ಟರೂ 3 ಕೊಟ್ಟರೂ ದೇವನಾಗರಿ ಮೂರು ಕೊಟ್ಟರೂ ಅದು 3 ಎನ್ನುತ್ತದೆ. ಅಂಕಿ ಅಲ್ಲದಿದ್ದರೆ -1.

ಆ -1ರ ಬೆಲೆ ಅದೇ ಸಂಜೆ ಗೊತ್ತಾಯಿತು. ಮಾವ ೧೦ ಎಂದು ಬರೆದರು, ಖಾನೆ ಕೆಂಪಾಯಿತು. "ಸರಿಯಾಗೇ ಬರ್ದಿದ್ದೇನಲ್ಲ!" ಎಂದರು. ನೋಡಲು ಸರಿಯಾಗೇ ಇತ್ತು. ಒಳಗೆ ನೋಡಿದರೆ ಅದು ಸೊನ್ನೆ ಅಲ್ಲ, ಅನುಸ್ವಾರ. ಕನ್ನಡದಲ್ಲಿ ಸೊನ್ನೆಯೂ ಅನುಸ್ವಾರವೂ ಕಣ್ಣಿಗೆ ಒಂದೇ, ಯೂನಿಕೋಡ್‌ಗೆ ಬೇರೆ ಬೇರೆ. ಹಳೆಯ ಕೋಡ್ ಇಂಥದ್ದನ್ನು ತುಟಿ ಬಿಚ್ಚದೆ ಏನೋ ಒಂದು ಸಂಖ್ಯೆ ಮಾಡಿ ನುಂಗಿಬಿಡುತ್ತಿತ್ತು. ಅನುಸ್ವಾರವನ್ನೂ ಸೊನ್ನೆ ಎಂದು ಒಪ್ಪಿಕೊಳ್ಳಲೇ ಎಂದು ಯೋಚಿಸಿದೆ. ಬೇಡ ಎನಿಸಿತು. ಸೊನ್ನೆಯ ಜಾಗದಲ್ಲಿ ಅನುಸ್ವಾರ ಇದೆ ಎಂದು ಖಾನೆಯ ಕೆಳಗೆ ಕನ್ನಡದಲ್ಲೇ ಒಂದು ಸಾಲು ತೋರಿಸಿದೆ. ಮಾವ ಆಮೇಲೆ ಆ ತಪ್ಪು ಮಾಡಲಿಲ್ಲ.

ಅಲ್ಪವಿರಾಮಕ್ಕೂ ಇಲ್ಲ ಎಂದೆ. ದುಡ್ಡಿನ ಖಾನೆಯಲ್ಲಿ 1,25,000 ಎಂದು ಬರೆಯಲಿ, ಅದು ನಮ್ಮ ರೂಢಿ. ತೂಕದ ಖಾನೆಯಲ್ಲಿ 1,5 ಎಂದರೆ ಒಂದೂವರೆಯೋ ಹದಿನೈದೋ ನನಗೆ ಗೊತ್ತಾಗುವುದಿಲ್ಲ. ಗೊತ್ತಾಗದಿದ್ದಾಗ ಕೇಳುವುದೇ ಸರಿ.

ಇಲ್ಲಿ ಇನ್ನೊಂದು ಗುಂಡಿ ಇದೆ, ಬೀಳುವ ಮೊದಲೇ ಕಂಡಿತು. ಪ್ರಾಪರ್ಟಿಗೆ ಕನಿಷ್ಠ ಗರಿಷ್ಠ ಹೇಳಿಟ್ಟಿರುತ್ತೇವೆ. ಒಂದು ಮೂಟೆಗೆ ಗರಿಷ್ಠ 50,000 ಗ್ರಾಂ ಎಂದು ನಾನು ಇಟ್ಟಿದ್ದೆ. ನೇರವಾಗಿ ಜಿ_ಆಬ್ಜೆಕ್ಟ್_ಸೆಟ್_ಪ್ರಾಪರ್ಟಿ ಕರೆದು 5,00,000 ಕೊಟ್ಟರೆ ಅದು ಎಲ್ಲೆ ಮೀರಿದೆ ಎಂದು ಎಚ್ಚರಿಸಿ ಬಿಟ್ಟುಬಿಡುತ್ತದೆ. ಜಿಬೈಂಡಿಂಗ್ ಮೂಲಕ ಬಂದರೆ ಹಾಗಲ್ಲ. ಅದು ಮೊದಲೇ ಎಲ್ಲೆಯೊಳಗೆ ಕತ್ತರಿಸಿ 50,000 ಮಾಡಿ, ಆಮೇಲೆ ಇಡುತ್ತದೆ. ಒಂದು ಮಾತೂ ಆಡುವುದಿಲ್ಲ. ಒಂದು ಸೊನ್ನೆ ಜಾಸ್ತಿ ಬಿದ್ದರೆ ಪೂರ್ತಿ ಮೂಟೆ ದಾಖಲಾಗಿಬಿಡುತ್ತದೆ. ಆದ್ದರಿಂದ ಎಲ್ಲೆಯನ್ನೂ ಓದುವ ಫಂಕ್ಷನ್‌ನಲ್ಲೇ ನೋಡಿ, ಅಲ್ಲೇ ಇಲ್ಲ ಎನ್ನುವ ಹಾಗೆ ಮಾಡಿದೆ.

ಇನ್ನು ಒಂದೊಂದು ಕೀಗೂ ದಾಸ್ತಾನು ಬದಲಾಗುವ ವಿಷಯ. 12 ಎಂದು ಬರೆಯುವವರು ಮೊದಲು 1ನ್ನು ದಾಟಿಯೇ ಹೋಗಬೇಕು. ಖಾನೆಯನ್ನು ನಿಜವಾದ ಸರಕಿಗೆ ಬೆಸೆಯುವ ಬದಲು ಒಂದು ಕರಡು ಆಬ್ಜೆಕ್ಟ್‌ಗೆ ಬೆಸೆದೆ. ಎಂಟರ್ ಒತ್ತಿದಾಗ ಮಾತ್ರ ಕರಡಿನಿಂದ ಸರಕಿಗೆ.

ಆರನೇ ಭಾನುವಾರ: 1004

ಆ ವಾರ ತಕ್ಕಡಿಯಿಂದ ಬಂದ ದಾಖಲೆಗಳನ್ನು ಲೋಕಲ್‌ನಲ್ಲಿ ಕೂತು ನೋಡುತ್ತಿದ್ದೆ. ಮೆಣಸು, 1004 ಗ್ರಾಂ. ಠಾಣೆ ದಾಟುವ ತನಕ ಅದನ್ನೇ ನೋಡಿದೆ. ಏನೋ ಸರಿ ಇಲ್ಲ. ತಕ್ಕಡಿ 5ರ ಹೆಜ್ಜೆಯಲ್ಲಿ ಓದುತ್ತದೆ. ಅದು 1005 ಹೇಳಬಹುದು, 1000 ಹೇಳಬಹುದು. 1004 ಹೇಳಲು ಅದಕ್ಕೆ ಸಾಧ್ಯವೇ ಇಲ್ಲ.

ಕೈಯಿಂದ ಬರೆಯುವ ಖಾನೆ ಸರಿಮಾಡಿದ್ದೆ. ತಕ್ಕಡಿಯ ದಾರಿಯನ್ನು ಮುಟ್ಟಿರಲಿಲ್ಲ. ಅಲ್ಲಿ ಪಠ್ಯವನ್ನು ದಶಮಾಂಶ ಮಾಡಿ, 1000ದಿಂದ ಗುಣಿಸಿ, ಬಂದ ದಶಮಾಂಶವನ್ನು ಡಬ್ಬಕ್ಕೆ ಹಾಕಿ ದಾಸ್ತಾನು ಪ್ರಾಪರ್ಟಿಗೆ ಕೊಡುತ್ತಿದ್ದೆ. ಟೈಪ್ ಬೇರೆಯಾದ್ದರಿಂದ ಜಿಆಬ್ಜೆಕ್ಟ್ ತಾನಾಗಿ ಬದಲಿಸುತ್ತಿತ್ತು. ದಾರಿ ಇದೆ, ಎಚ್ಚರಿಕೆ ಇಲ್ಲ.

1.005 ಎಂಬುದನ್ನು ಎರಡರ ಲೆಕ್ಕದಲ್ಲಿ, ಅಂದರೆ ಕಂಪ್ಯೂಟರ್‌ನ 0 ಮತ್ತು 1ರ ಲೆಕ್ಕದಲ್ಲಿ, ಸರಿಯಾಗಿ ಬರೆಯಲು ಬರುವುದಿಲ್ಲ. ಮೆಮೊರಿಯಲ್ಲಿ ಇರುವುದು 1.005ಕ್ಕಿಂತ ಒಂದು ಕೂದಲೆಳೆ ಕಡಿಮೆ. 1000ದಿಂದ ಗುಣಿಸಿದರೆ 1004.9999999999999. ದಶಮಾಂಶದಿಂದ ಪೂರ್ಣಾಂಕಕ್ಕೆ ಇರುವ ದಾರಿ ಸಿ ಭಾಷೆಯ ಕಾಸ್ಟ್ ಎಂದೆನಲ್ಲ. ಕಾಸ್ಟ್ ಹತ್ತಿರದ ಸಂಖ್ಯೆಗೆ ಹೋಗುವುದಿಲ್ಲ. ಚುಕ್ಕೆಯ ಆಚೆಯದ್ದನ್ನು ಕತ್ತರಿಸಿ ಬಿಸಾಡುತ್ತದೆ. ಉಳಿದದ್ದು 1004.

ಒಂದು ಗ್ರಾಂ ಮೆಣಸು ಹೋದರೆ ಏನಾಯಿತು ಎಂದು ಕೇಳಬಹುದು. ಆದರೆ ಈ ಕತ್ತರಿ ಯಾವಾಗಲೂ ಒಂದೇ ಕಡೆಗೆ ಕತ್ತರಿಸುತ್ತದೆ. ಹೆಚ್ಚು ಮಾಡುವುದೇ ಇಲ್ಲ, ಕಡಿಮೆ ಮಾತ್ರ ಮಾಡುತ್ತದೆ. ದಿನಕ್ಕೆ ಹತ್ತಾರು ಸಲ ತೂಗುವ ಉಗ್ರಾಣದಲ್ಲಿ ಅದು ಕೂಡುತ್ತಾ ಹೋಗುತ್ತದೆ. ತಿಂಗಳ ಕೊನೆಗೆ ಲೆಕ್ಕ ಕೂಡುವುದಿಲ್ಲ, ಆಗ ಜನ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಭಾವೂ ಇಪ್ಪತ್ತು ವರ್ಷದಿಂದ ಆ ಉಗ್ರಾಣ ನೋಡಿಕೊಂಡವರು. ನನ್ನ ಒಂದು ಕಾಸ್ಟ್‌ನಿಂದ ಅವರ ಮೇಲೆ ಸಂಶಯ ಬರುವುದು ನನಗೆ ಸಹಿಸಲಾಗದ ಮಾತು.

ರೌಂಡ್ ಮಾಡಿದರೆ ಇದು ಸರಿಯಾಗುತ್ತಿತ್ತು. ಆದರೆ ದಶಮಾಂಶ ಯಾಕಾದರೂ ಬೇಕು? ತಕ್ಕಡಿ ಕೊಡುವುದು ಪಠ್ಯ, ನನಗೆ ಬೇಕಾದದ್ದು ಪೂರ್ಣಾಂಕ. ನಡುವೆ ದಶಮಾಂಶಕ್ಕೆ ಕೆಲಸವೇ ಇಲ್ಲ. ಐದನೇ ವಾರ ಬರೆದ ಓದುವ ಫಂಕ್ಷನ್ನನ್ನೇ ಇಲ್ಲಿಗೂ ತಂದೆ. ಚುಕ್ಕೆಯ ಹಿಂದಿನದ್ದು ಕೆಜಿ, ಅದನ್ನು 1000ದಿಂದ ಗುಣಿಸು. ಚುಕ್ಕೆಯ ಮುಂದಿನದ್ದನ್ನು ಮೂರು ಅಂಕಿ ಆಗುವ ತನಕ ಬಲಗಡೆ ಸೊನ್ನೆ ಸೇರಿಸಿ ಗ್ರಾಂ ಎಂದು ಓದು. ಎರಡನ್ನೂ ಕೂಡು. ಮೂರಕ್ಕಿಂತ ಜಾಸ್ತಿ ಅಂಕಿ ಇದ್ದರೆ ಇಲ್ಲ ಎನ್ನು. ಎಲ್ಲವೂ ಪೂರ್ಣಾಂಕ, ಕಳೆದುಹೋಗಲು ಏನೂ ಇಲ್ಲ. ತಕ್ಕಡಿಯ ಸಾಲಿಗೆ ಮಾತ್ರ, ಬಂದದ್ದು ಸರಿಯಾದ ಯುಟಿಎಫ್-8 ಹೌದೋ ಎಂದು ಮೊದಲೇ ಜಿ_ಯುಟಿಎಫ್8_ವ್ಯಾಲಿಡೇಟ್ ಮಾಡಿಸಿದೆ. ತಂತಿ ಅಲುಗಾಡಿದರೆ ಏನು ಬೇಕಾದರೂ ಬರಬಹುದು.

ಇದೇ ಕಣ್ಣಿನಿಂದ ದುಡ್ಡಿನ ಕಡೆಯೂ ನೋಡಿದೆ. ಖರೀದಿಯ ಮೊತ್ತವನ್ನು ಪೈಸೆಯಲ್ಲಿ 64 ಬಿಟ್‌ನಲ್ಲೇ ಇಟ್ಟಿದ್ದೆ. ವರ್ಷದ ಒಟ್ಟು ತೋರಿಸುವ ಪ್ರಾಪರ್ಟಿ ಮಾತ್ರ ಕೈತಪ್ಪಿ 32 ಬಿಟ್ ಆಗಿತ್ತು. ಅದರಲ್ಲಿ ಹಿಡಿಸುವುದು 2,14,74,836 ರೂಪಾಯಿ 47 ಪೈಸೆ. ಪರೀಕ್ಷೆಗೆಂದು 2 ಕೋಟಿ 15 ಲಕ್ಷ ಕೊಟ್ಟೆ. -2,14,49,672.96 ಬಂತು. ಎಚ್ಚರಿಕೆ ಏನೂ ಬರಲಿಲ್ಲ. ಯಾಕೆಂದರೆ ಎಲ್ಲೆ ನೋಡುವುದು ಬದಲಿಸಿದ ಮೇಲೆ. ಅಷ್ಟು ಹೊತ್ತಿಗೆ ಸಂಖ್ಯೆ ಕೆಟ್ಟು, ಕೆಟ್ಟ ಸಂಖ್ಯೆ ಎಲ್ಲೆಯೊಳಗೇ ಕೂತಿರುತ್ತದೆ. ಪ್ರಾಪರ್ಟಿಯನ್ನು 64 ಬಿಟ್ ಮಾಡಿದೆ.

ಏಳನೇ ಭಾನುವಾರ: ತೂಕಕ್ಕೆ ತನ್ನದೇ ಟೈಪ್

ಗ್ರಾಂ ಒಂದು ಸುಮ್ನೆ ಪೂರ್ಣಾಂಕವಾಗಿ ತಿರುಗುತ್ತಿರುವುದು ನನಗೆ ಸಮಾಧಾನ ಕೊಡಲಿಲ್ಲ. ಪೈಸೆಯೂ ಪೂರ್ಣಾಂಕ, ಗ್ರಾಮೂ ಪೂರ್ಣಾಂಕ. ಒಂದರ ಖಾನೆಗೆ ಇನ್ನೊಂದನ್ನು ಬೆಸೆದರೆ ಯಾರೂ ತಡೆಯುವುದಿಲ್ಲ. ಆದ್ದರಿಂದ ತೂಕ ಎಂಬ ಬಾಕ್ಸ್‌ಡ್ ಟೈಪ್ ಮಾಡಿದೆ. ಒಳಗೆ ಗ್ರಾಂ ಹಿಡಿಯುವ ಒಂದು ಪೂರ್ಣಾಂಕ, ಜೊತೆಗೆ ನಕಲು ಮಾಡುವ ಮತ್ತು ಬಿಡುಗಡೆ ಮಾಡುವ ಫಂಕ್ಷನ್. ಈಗ ತೂಕವನ್ನು ದುಡ್ಡಿನ ಪ್ರಾಪರ್ಟಿಗೆ ಬೆಸೆದರೆ ಲೈಬ್ರರಿಯೇ ದಾರಿ ಇಲ್ಲ ಎಂದು ಹೇಳುತ್ತದೆ. ಎರಡನೇ ವಾರ ಸಿಟ್ಟು ಬರಿಸಿದ ಅದೇ ಸಾಲು ಈಗ ಕಾವಲುಗಾರ.

ಮೂರನೇ ವಾರ ಹಾಕಿ ನಾಲ್ಕನೇ ವಾರ ಅಳಿಸಿದ ನೋಂದಣಿ ಇಲ್ಲಿ ಮತ್ತೆ ಬಂತು, ಈ ಸಲ ಸರಿಯಾದ ಜಾಗಕ್ಕೆ. ತೂಕದಿಂದ ಪಠ್ಯಕ್ಕೆ ಒಂದು ಫಂಕ್ಷನ್ ನೋಂದಾಯಿಸಿದೆ. ತೂಕ ನನ್ನದೇ ಟೈಪ್, ಬೇರೆಯವರ ಹಾದಿಗೆ ಅಡ್ಡ ಬರುವುದಿಲ್ಲ. ತೂಕವನ್ನು ಪಠ್ಯ ಮಾಡುವುದು ಸೋಲುವ ಕೆಲಸವೂ ಅಲ್ಲ. ಈಗ ಯಾವ ಲೇಬಲ್‌ಗೆ ಬೆಸೆದರೂ 12.350000 ಅಲ್ಲ, 12 ಕೆಜಿ 350 ಗ್ರಾಂ ಎಂದು ಬರುತ್ತದೆ. ಪಠ್ಯದಿಂದ ತೂಕಕ್ಕೆ ಮಾತ್ರ ನೋಂದಣಿ ಇಲ್ಲ. ಅದು ಖಾನೆಯ ಬೆಸುಗೆಯ ಜೊತೆಗೇ ಇದೆ.

ಒಂದು ಗಂಟೆ ಒಂದು ಚಿಕ್ಕ ವಿಷಯಕ್ಕೆ ಹೋಯಿತು. ನೋಂದಣಿಯನ್ನು ಮುಖ್ಯ ಫಂಕ್ಷನ್‌ನಲ್ಲಿ ಕಿಟಕಿ ಕಟ್ಟಿದ ಮೇಲೆ ಇಟ್ಟಿದ್ದೆ. ಬೆಸೆದ ತಕ್ಷಣವೇ ಒಮ್ಮೆ ಹೊಂದಿಸು ಎಂಬ ಗುರುತು ಹಾಕಿದ್ದರಿಂದ, ಕಿಟಕಿ ಕಟ್ಟುವಾಗಲೇ ಬದಲಾವಣೆ ಬೇಕಾಯಿತು. ಆಗ ಪಟ್ಟಿಯಲ್ಲಿ ಸಾಲು ಇರಲಿಲ್ಲ. ಲೇಬಲ್ ಖಾಲಿ. ನೋಂದಣಿಯನ್ನು ಟೈಪ್ ಹುಟ್ಟುವ ಜಾಗಕ್ಕೇ ಸರಿಸಿದೆ. ಬಾಕ್ಸ್‌ಡ್ ಟೈಪ್ ಮಾಡುವ ಮ್ಯಾಕ್ರೋಗೆ ಕೋಡ್ ಸೇರಿಸಬಹುದಾದ ಒಂದು ರೂಪ ಇದೆ. ಅದನ್ನು ಬಳಸಿದರೆ ಟೈಪ್ ಇದ್ದಲ್ಲೆಲ್ಲ ದಾರಿಯೂ ಇರುತ್ತದೆ.

ಕೊನೆಗೆ ಪರೀಕ್ಷೆಗಳನ್ನು ಬರೆದೆ. ಖಾಲಿ ಪಠ್ಯ, ಬರೀ ಚುಕ್ಕೆ, ಎರಡು ಚುಕ್ಕೆ, 1.005, ೧.೦೦೫, ದೇವನಾಗರಿಯಲ್ಲಿ ಅದೇ, ಅರ್ಧ ಕನ್ನಡ ಅರ್ಧ ಇಂಗ್ಲಿಷ್, ಸೊನ್ನೆಯ ಜಾಗದಲ್ಲಿ ಅನುಸ್ವಾರ, ಮೈನಸ್, ಎಲ್ಲೆಗಿಂತ ಒಂದು ಗ್ರಾಂ ಜಾಸ್ತಿ. ಆಮೇಲೆ 0ಯಿಂದ 30,000ದವರೆಗೆ 5ರ ಹೆಜ್ಜೆಯಲ್ಲಿ ತಕ್ಕಡಿ ಹೇಳಬಹುದಾದ 6001 ತೂಕಗಳನ್ನೂ ಪಠ್ಯ ಮಾಡಿ, ಮತ್ತೆ ಓದಿಸಿ, ಅದೇ ಬರುತ್ತದೆಯೇ ಎಂದು ನೋಡಿದೆ. ಎಲ್ಲವೂ ಬಂದವು.

ಮಧ್ಯಾಹ್ನ ಊಟದ ಗಲಾಟೆ ಇಳಿದ ಮೇಲೆ ಮಾವ, ಭಾವೂ, ನಾನು ಮೂವರೂ ಉಗ್ರಾಣದಲ್ಲಿ ನಿಂತೆವು. ಭಾವೂ ಮೆಣಸು ತೂಗಿದರು. ತಕ್ಕಡಿ 1.005, ಪರದೆ 1 ಕೆಜಿ 5 ಗ್ರಾಂ. ಮಾವ ತಮ್ಮ ಉದ್ದನೆಯ ಪುಸ್ತಕದಲ್ಲೂ ೧.೦೦೫ ಎಂದು ಬರೆದುಕೊಂಡರು. ಇನ್ನೂ ಒಂದು ತಿಂಗಳು ಎರಡೂ ಕಡೆ ಬರೆಯುತ್ತಾರಂತೆ, ತಾಳೆ ನೋಡಲು. ಮುಂದಿನ ಭಾನುವಾರ ಹಾಲಿನ ಕೆಲಸ. ಹಾಲು ಬರುವುದು ಲೀಟರ್‌ನಲ್ಲಿ, ಅದಕ್ಕೆ ಇನ್ನೊಂದು ಟೈಪ್ ಬೇಕು.